ಬಾಟಲಿಯ ಕತ್ತಿನ ಬಿಳಿ ಗೆರೆ

ನಿಮ್ಮ ಮಿದುಳು ಬಳಸುವ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಒಳಗೆ ನುಗ್ಗಿದ ಸೋಡಿಯಂ ಅನ್ನು ಹೊರಗೆ ದಬ್ಬುವುದಕ್ಕೇ ಖರ್ಚಾಗುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ತಲೆ ನಿಮ್ಮದು. ಮೊಬೈಲಿನ ಬ್ಯಾಟರಿಯನ್ನು ಯಾವುದು ತಿಂದಿತೆಂದು ದಿನಕ್ಕೆ ನಾಲ್ಕು ಸಲ ತೆರೆದು ನೋಡುವ ನಾವು, ಕುತ್ತಿಗೆಯ ಮೇಲೆ ಹೊತ್ತು ತಿರುಗುವ ಈ ಒಂದೂವರೆ ಕಿಲೋ ಪದಾರ್ಥದ ಬಗ್ಗೆ ಆ ಪ್ರಶ್ನೆ ಕೇಳಿದವರೇ ಅಲ್ಲ. ನಾನೂ ಕೇಳಿರಲಿಲ್ಲ. ಕೇಳದೆಯೇ ಅದರ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟ ಬರೆದೂ ಬಿಟ್ಟಿದ್ದೆ. ನನ್ನ ಕಿವಿ ಹಿಂಡಿ ಪಾಠ ಹೇಳಿದವರು, ಬಾಟಲಿ ತೊಳೆಯುವ ಕೆಲಸಕ್ಕೆಂದು ಸೇರಿ ಇಪ್ಪತ್ತಾರು ವರ್ಷದಿಂದ ಒಂದೇ ಕೋಣೆಯಲ್ಲಿ ಉಪ್ಪುನೀರು ತಯಾರಿಸುತ್ತಿರುವ ಒಬ್ಬ ಹೆಂಗಸು.

ಮಿದುಳಿನ ಸಂಶೋಧನೆ ನಡೆಯುವ ಆ ಸಂಸ್ಥೆಯಲ್ಲಿ ನಿರ್ದೇಶಕರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ಅವರನ್ನು ಕರೆಯುವುದು ಉಪ್ಪಕ್ಕ ಎಂದು. ವಯಸ್ಸು ಐವತ್ತೊಂದು. ಕುಳ್ಳಗೆ, ಚುರುಕಾಗಿ, ನಡೆಯುವಾಗ ಸದಾ ಗೋಡೆಯ ಪಕ್ಕವೇ ಹಿಡಿದು ನಡೆಯುವ ಆಳು. ಕೈಯಲ್ಲಿ ಗಾಜಿನ ಸಾಮಾನು ಇದ್ದೇ ಇರುತ್ತದೆಂಬ ಅಭ್ಯಾಸ. ಬೆರಳ ತುದಿಗಳು ವರ್ಷವಿಡೀ ಬಿರಿದಿರುತ್ತವೆ.

ಒಂದು ಮಂಗಳವಾರ ಬೆಳಿಗ್ಗೆ ಅವರು ನಮ್ಮ ಪತ್ರಿಕೆಯ ಕಚೇರಿಗೆ ಬಂದು, ನನ್ನ ಮೇಜಿನ ಮೇಲಿದ್ದ ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಕತ್ತರಿಸಿದ ಪತ್ರಿಕೆಯ ಒಂದು ತುಣುಕನ್ನು ಇಟ್ಟರು. ನಾಲ್ಕು ಮೂಲೆಯಲ್ಲೂ ಅಂಟಿನ ಕಲೆ. ‘ಫಿಟ್ಸಿಗೆ ಸಿಕ್ಕಿತು ಕಡಿವಾಣ’ ಎಂಬ ತಲೆಬರಹ. ಕೆಳಗೆ ನನ್ನ ಫೋಟೋ.

“ಇದನ್ನ ಬರೆದೋರು ನೀವೇ ತಾನೆ?”

ಹೌದೆಂದೆ. ಇನ್ನೇನು ಹೊಗಳುತ್ತಾರೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ.

“ಬರೆಯೋಕೆ ಎಷ್ಟು ದಿನ ಹಿಡೀತು?”

“ಒಂದು ಮಧ್ಯಾಹ್ನ.”

“ಅದಕ್ಕೇ ಹೀಗಿದೆ,” ಅಂದವರೇ ಕುರ್ಚಿ ಎಳೆದುಕೊಂಡು ಕೂತರು. “ಫೋಟೋ ಮಾತ್ರ ಚೆನ್ನಾಗಿದೆ. ಹಳೇದು ಅನ್ಸತ್ತೆ.”

ಆ ಬರಹಕ್ಕೆ ನನ್ನ ಬಳಿ ಇದ್ದ ಆಧಾರ ಸಂಸ್ಥೆ ಕಳುಹಿಸಿದ ಒಂದು ಪುಟದ ಪ್ರಕಟಣೆ. ಬೇರೆ ಕಾಯಿಲೆಗೆ ಹಿಂದಿನಿಂದಲೂ ಕೊಡುತ್ತಿದ್ದ ಒಂದು ಔಷಧ ಮಿದುಳಿನ ಕೋಶಗಳ ಪಂಪುಗಳನ್ನು ಚುರುಕುಗೊಳಿಸುತ್ತದೆ, ಫಿಟ್ಸ್ ತಡೆಯುವ ದಾರಿ ಅದರಿಂದ ತೆರೆಯಬಹುದು ಎಂದು ಅದರಲ್ಲಿತ್ತು. ‘ಬಹುದು’ ಎಂಬುದನ್ನು ನಾನು ನುಂಗಿ ಹಾಕಿದ್ದೆ. ಆ ‘ಬಹುದು’ ನುಂಗಿದ್ದರಿಂದ ಯಾರ ಮನೆಯಲ್ಲಿ ಏನಾಯಿತೆಂದು ಅವತ್ತು ಗೊತ್ತಾಯಿತು. ಮುಂದಿನ ಐದು ವಾರ ಉಪ್ಪಕ್ಕನ ಹಿಂದೆಯೇ ಓಡಾಡಿ, ಕೇಳಿ, ಬೈಸಿಕೊಂಡು ಬರೆದುಕೊಂಡದ್ದು ಇದು.

ಉಪ್ಪಕ್ಕನ ಮನೆಯೆಂದರೆ ತಮ್ಮನ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ತಮ್ಮ ಒಂಬತ್ತು ವರ್ಷ ಚಿಕ್ಕವನು. ಹನ್ನೊಂದನೇ ವಯಸ್ಸಿನಿಂದ ಫಿಟ್ಸ್. ಆ ಅಂಗಡಿಯನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಸಾಕು, ಒಂದು ಕಾಯಿಲೆಯೊಂದಿಗೆ ಇಬ್ಬರು ಮನುಷ್ಯರು ಮೂವತ್ತು ವರ್ಷ ಹೇಗೆ ಬಾಳಿದ್ದಾರೆಂಬುದು ಅರ್ಥವಾಗುತ್ತದೆ. ಬಟ್ಟೆ ಕತ್ತರಿಸುವ ಮೇಜಿನ ನಾಲ್ಕು ಮೂಲೆಗೂ ಕೋಟಿನ ಭುಜಕ್ಕೆ ಹಾಕುವ ಹತ್ತಿಯ ದಿಂಬು ಸುತ್ತಿ ಹೊಲಿದಿದ್ದಾರೆ. ಕತ್ತರಿ ಎಲಾಸ್ಟಿಕ್ ಪಟ್ಟಿಯಲ್ಲಿ ಮೇಲಿನ ಕೊಕ್ಕೆಗೆ ನೇತಾಡುತ್ತದೆ. ಕೈ ಬಿಟ್ಟರೆ ತಾನೇ ಮೇಲೆ ಜಿಗಿಯುತ್ತದೆ. ಇಸ್ತ್ರಿಪೆಟ್ಟಿಗೆಯ ಮುಂದೆ ಅಡ್ಡಗಂಬಿ. ಬೀದಿಯ ದರ್ಜಿಗಳೆಲ್ಲ ಮೋಟಾರು ಹಾಕಿಸಿಕೊಂಡು ಎಷ್ಟೋ ವರ್ಷವಾಯಿತು. ಇಲ್ಲಿ ಮಾತ್ರ ಕಾಲಲ್ಲಿ ತುಳಿಯುವ ಮಶೀನು.

“ಮೋಟಾರು ಇತ್ತು ಸಾರ್, ತೆಗೆಸಿದೆ,” ಎಂದು ತಮ್ಮ ನನಗೆ ಹೇಳಿದ. “ನಾನು ಬಿದ್ರೆ ಮಶೀನೂ ನಿಲ್ಬೇಕು ನೋಡಿ. ಒಬ್ಬನೇ ಬಿದ್ದು ಅದು ಓಡ್ತಾ ಇದ್ರೆ ಅವಮಾನ.”

ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬೀಳುತ್ತಾನೆ. ಬೆಳಿಗ್ಗೆ ಎರಡು, ಸಂಜೆ ಎರಡು ಮಾತ್ರೆ. ಅದರ ಮಂಪರಿನಲ್ಲಿ ಒಮ್ಮೆ ಪ್ಯಾಂಟಿನ ಜೇಬುಗಳನ್ನೆಲ್ಲ ಎಡಗಡೆಗೇ ಹೊಲಿದುಬಿಟ್ಟನಂತೆ. “ಪುಣ್ಯಕ್ಕೆ ಗಿರಾಕಿ ಎಡಗೈಯವನು. ಇನ್ನೆರಡು ಹೊಲಿದುಕೊಡು ಅಂದ.” ನಗುತ್ತಾನೆ, ನಗಿಸುತ್ತಾನೆ. ಆದರೆ ಬೀದಿಯಲ್ಲಿ ಬಿದ್ದಾಗ ಸುತ್ತ ನಿಂತು ಮೊಬೈಲು ಹಿಡಿದವರನ್ನು ನೆನೆದಾಗ ಅವನ ನಗು ನಿಂತುಬಿಡುತ್ತದೆ. ಆ ಮೊಬೈಲುಗಳಲ್ಲಿ ಒಂದು ನಿಮ್ಮದಿರಬಹುದು. ಇರಲಿ, ಅದಕ್ಕೆ ಇನ್ನೊಂದು ದಿನ ಜಗಳವಾಡೋಣ.

ಹೊಸ ಔಷಧವನ್ನು ನಲವತ್ತು ರೋಗಿಗಳ ಮೇಲೆ ಪರೀಕ್ಷಿಸಿ ನೋಡಲು ಆಸ್ಪತ್ರೆಯೊಂದು ಸಿದ್ಧವಾಗಿತ್ತು. ಮೊದಲು ಅವರ ಹಳೆಯ ಮಾತ್ರೆ ತಗ್ಗಿಸುತ್ತಾರೆ, ಆಮೇಲೆ ಇದನ್ನು ಶುರು ಮಾಡುತ್ತಾರೆ. ಮಾತ್ರೆ ತಗ್ಗಿದ ದಿನಗಳಲ್ಲಿ ಬೀಳುವುದು ಹೆಚ್ಚಾಗಬಹುದು. ಹೊಸದು ಹಿಡಿದುಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಆ ಅಪಾಯ. ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಉಪ್ಪಕ್ಕನ ತಮ್ಮನದು. ಅಂಗಡಿಯ ಕನ್ನಡಿಯ ಪಕ್ಕದಲ್ಲಿ ನನ್ನ ಲೇಖನ ಅಂಟಿಸಿ, ಬಂದ ಗಿರಾಕಿಗೆಲ್ಲ ಅಳತೆ ತೆಗೆಯುತ್ತಲೇ ಓದಿ ಹೇಳುತ್ತಿದ್ದನಂತೆ.

ಈಗ ಉಪ್ಪಕ್ಕನ ಕೋಣೆಗೆ ಬನ್ನಿ. ಸಂಸ್ಥೆಯ ಎರಡನೇ ಮಹಡಿಯ ಓಣಿಯ ಕೊನೆಯಲ್ಲಿದೆ. ಒಂದು ಕಡೆ ಎರಡು ತೊಟ್ಟಿ, ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸುವ ಗೂಟಗಳ ಹಲಗೆ. ಇನ್ನೊಂದು ಕಡೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಉಸಿರು ಬಿಟ್ಟರೂ ಅಂಕಿ ಅಲುಗುತ್ತದೆಂದು ತೂಗುವಾಗ ಉಪ್ಪಕ್ಕ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಇಲಿಯ ಮಿದುಳಿನಿಂದ ತೆಗೆದ ತೆಳ್ಳನೆಯ ಬಿಲ್ಲೆಯನ್ನು ಗಂಟೆಗಟ್ಟಲೆ ಜೀವಂತ ಇಟ್ಟು ನೋಡಬೇಕಾದರೆ ಅದನ್ನು ತಲೆಯೊಳಗಿನ ನೀರಿನಂಥದ್ದೇ ನೀರಿನಲ್ಲಿ ಮುಳುಗಿಸಬೇಕು. ಆ ನೀರು ತಯಾರಾಗುವುದು ಇಲ್ಲಿ. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಗ್ಲೂಕೋಸ್ ಎಲ್ಲ ಕರಗಿ, ಆಮ್ಲಜನಕದ ಗುಳ್ಳೆ ಹರಿಸಿದ ಮೇಲೆ ಕೊನೆಗೆ ಕ್ಯಾಲ್ಸಿಯಂ. ಮೊದಲೇ ಹಾಕಿದರೆ ಸುಣ್ಣದ ನೀರಿನಂತೆ ಬೆಳ್ಳಗಾಗುತ್ತದೆ.

“ಡಿಗ್ರಿ ತಗೊಂಡು ಬಂದೋರೆಲ್ಲ ಮೊದಲನೇ ವಾರ ಬೆಳ್ಳಗೆ ಮಾಡ್ತಾರೆ,” ಅಂದರು. “ನಾನು ಬಾಯಿ ಬಿಡಲ್ಲ. ಒಂದು ಸಲ ಮಾಡ್ಲಿ. ಆಮೇಲೆ ಮರೆಯಲ್ಲ.”

ಈ ನೀರು ಮಾಡುವುದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಶಾಲೆ ಬಿಟ್ಟದ್ದು ಎಂಟನೇ ತರಗತಿಗೆ. ಬಾಟಲಿ ತೊಳೆಯುತ್ತಾ ಮೇಲಿನ ಚೀಟಿಗಳನ್ನು ಓದಿ, ಅಕ್ಷರ ಕೂಡಿಸಿ, ಗೊತ್ತಾಗದ್ದನ್ನು ಗೊತ್ತಿದ್ದವರ ಬೆನ್ನು ಹತ್ತಿ ಕೇಳಿ ಕಲಿತರು. ಕಾಲೇಜಿನ ಮೆಟ್ಟಿಲು ಹತ್ತದ ನನ್ನಂಥವನಿಗೆ ಇದು ಎಂಥ ಹಟದ ಕೆಲಸವೆಂದು ಗೊತ್ತು. ಅವರ ಕಪ್ಪು ರಟ್ಟಿನ ದಾಖಲೆ ಪುಸ್ತಕಗಳು ಕಪಾಟಿನಲ್ಲಿ ಹತ್ತೊಂಬತ್ತಿವೆ. ಎಷ್ಟು ಗ್ರಾಂ, ಯಾವ ಡಬ್ಬಿ, ಯಾವ ಹೊತ್ತು ಎಲ್ಲವೂ ಇವೆ. ‘ಇವತ್ತು ತಕ್ಕಡಿಯ ಹತ್ತಿರ ಯಾರೋ ಸೀನಿದರು, ಮತ್ತೆ ತೂಗಿದೆ’ ಎಂದೂ ಇದೆ.

ಪಂಪಿನ ವಿಷಯ ನನಗೆ ತಲೆಗೆ ಹತ್ತಲಿಲ್ಲ. ಉಪ್ಪಕ್ಕ ತೊಳೆಯುತ್ತಿದ್ದ ಬಾಟಲಿ ಕೆಳಗಿಟ್ಟರು.

“ಬಸ್ಸಲ್ಲಿ ಓಡಾಡ್ತೀರಲ್ವಾ? ಕೋಶದ ಗೋಡೆ ತುಂಬಾ ಒಂದೊಂದು ಬಾಗಿಲಿಗೆ ಒಬ್ಬೊಬ್ಬ ಕಂಡಕ್ಟರ್ ಇದಾನೆ ಅಂದ್ಕೊಳ್ಳಿ, ಅವನೇ ಪಂಪು. ಮೂರು ಸೋಡಿಯಂ ಇಳಿಸ್ತಾನೆ, ಎರಡು ಪೊಟ್ಯಾಸಿಯಂ ಹತ್ತಿಸ್ಕೊಳ್ತಾನೆ. ಮತ್ತೆ ಮೂರು, ಮತ್ತೆ ಎರಡು. ಹುಟ್ಟಿದಾಗಿಂದ ಸಾಯೋವರೆಗೂ ಇದೇ. ನೀವು ಒಂದು ಯೋಚನೆ ಮಾಡಿದ್ರೆ ಬಾಗಿಲು ತೆರ್ಕೊಂಡು ಸೋಡಿಯಂ ಒಳಗೆ ನುಗ್ಗತ್ತೆ. ಅದನ್ನ ಇಳಿಸದೇ ಇದ್ರೆ ಮುಂದಿನ ಯೋಚನೆ ಬರಲ್ಲ.”

“ಪಂಪುಗಳು ಸುಮ್ನೆ ಒಂದೇ ವೇಗದಲ್ಲಿ ಮಾಡ್ತಾನೇ ಇರ್ತವಾ?”

“ಅಲ್ಲೇ ಇರೋದು ಅದರ ಜಾಣತನ! ಒಳಗೆ ಸೋಡಿಯಂ ಜಾಸ್ತಿ ಆಯ್ತಾ, ಪಂಪು ತಾನೇ ಜೋರಾಗತ್ತೆ. ಹೊರಗಡೆ ಪೊಟ್ಯಾಸಿಯಂ ಏರಿತಾ, ಆವಾಗಲೂ ಜೋರು. ಪಕ್ಕದಲ್ಲಿ ಈ ಕೋಶಗಳನ್ನ ಸಾಕೋ ಬೇರೆ ಥರದ ಕೋಶ ಇದಾವೆ, ಅವೂ ಕೈ ಹಾಕಿ ಪೊಟ್ಯಾಸಿಯಂ ಎಳ್ಕೊಳ್ತವೆ. ಕೆಲವು ಪಂಪಿಗೆ ಬ್ರೇಕ್ ಥರ ಒಂದು ಪುಟಾಣಿ ಪ್ರೋಟೀನ್ ಅಂಟ್ಕೊಂಡಿರತ್ತೆ. ಬೇಕಾದಾಗ ಸಡಿಲ ಮಾಡತ್ತೆ. ಅದೂ ಸಾಲದೇ ಹೋದ್ರೆ ಒಳಗೆ ಎತ್ತಿಟ್ಟಿರೋ ಪಂಪು ತಂದು ಗೋಡೆಗೆ ಕೂರಿಸತ್ತೆ. ನಿಮ್ಮ ಆಫೀಸಲ್ಲಿ ಕೆಲಸ ಜಾಸ್ತಿ ಆದ್ರೆ ಹೀಗೆ ಯಾರಾದ್ರೂ ತಾವಾಗೇ ಮಾಡ್ತಾರಾ?”

ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸಂಪಾದಕರೂ ಇದನ್ನು ಓದುತ್ತಾರೆ.

“ಇನ್ನೊಂದಿದೆ. ದೊಡ್ಡ ಗದ್ದಲ ಆದ್ಮೇಲೆ ಪಂಪು ಕೂಡಲೇ ನಿಧಾನ ಆಗಲ್ಲ, ಸ್ವಲ್ಪ ಹೊತ್ತು ಜೋರಾಗೇ ಓಡತ್ತೆ. ಮೂರು ಆಚೆ, ಎರಡು ಈಚೆ ಅಂದ್ರೆ ಪ್ರತಿ ಸಲ ಒಂದು ಚಾರ್ಜು ಒಳಗೆ ಕಮ್ಮಿ ಆಯ್ತಲ್ಲ? ಹಾಗಾಗಿ ಕೋಶ ಅಷ್ಟು ಹೊತ್ತು ತೆಪ್ಪಗಿರತ್ತೆ. ಫಿಟ್ಸ್ ಅಂದ್ರೆ ಕೋಶಗಳೆಲ್ಲ ಒಟ್ಟಿಗೆ ಕಿರುಚೋದು. ಪಂಪನ್ನ ಇನ್ನೂ ಜೋರು ಮಾಡಿದ್ರೆ ಬೇಗ ತೆಪ್ಪಗಾಗ್ತವೇನೋ ಅಂತ ನಮ್ಮ ಡಾಕ್ಟ್ರಮ್ಮ ಹುಡುಕ್ತಾ ಇದ್ದಿದ್ದು.”

ಡಾಕ್ಟ್ರಮ್ಮ ಎಂದರೆ ಆ ಪ್ರಯೋಗ ನಡೆಸುತ್ತಿದ್ದ ಸಂಶೋಧಕಿ. ಡಾಕ್ಟರೇಟ್ ಇನ್ನೂ ಕೈಗೆ ಬಂದಿರಲಿಲ್ಲ. ಉಪ್ಪಕ್ಕ ಮೊದಲ ದಿನದಿಂದಲೇ ಹಾಗೆ ಕರೆದು ರೇಗಿಸುತ್ತಿದ್ದರು. ಆಕೆಯ ಪ್ರಯೋಗ ಸರಳ. ಬೆಳಿಗ್ಗೆ ಬಿಲ್ಲೆಯನ್ನು ಬರಿಯ ಉಪ್ಪುನೀರಲ್ಲಿಟ್ಟು, ಕೋಶಕ್ಕೆ ವಿದ್ಯುತ್ತಿನಿಂದ ಚುರುಕು ಮುಟ್ಟಿಸಿ, ಒಳಗೆ ತುಂಬಿದ ಸೋಡಿಯಂ ಎಷ್ಟು ಬೇಗ ಖಾಲಿಯಾಗುತ್ತದೆಂದು ಹೊಳೆಯುವ ಬಣ್ಣದ ಸಹಾಯದಿಂದ ಅಳೆಯುವುದು. ಮಧ್ಯಾಹ್ನ ಅದೇ ನೀರಿಗೆ ಔಷಧ ಬೆರೆಸಿ ಮತ್ತೆ ಅಳೆಯುವುದು. ಔಷಧ ಸಿಗುವುದು ಕಷ್ಟವಾದ್ದರಿಂದ ಅರವತ್ತು ಮಿಲಿಲೀಟರಿನ ಒಂದು ಪುಟ್ಟ ಬಾಟಲಿಯ ನೀರೇ ದಿನವಿಡೀ ಸುತ್ತು ಹೊಡೆಯುತ್ತಿತ್ತು. ಎಂಟು ತಿಂಗಳ ಕಾಲ, ಪ್ರತಿ ಮಧ್ಯಾಹ್ನವೂ ಪಂಪು ಜೋರಾಯಿತು. ಕೇಕು ಕತ್ತರಿಸಿದರು. ಪ್ರಬಂಧ ಅಚ್ಚಾಯಿತು. ಪ್ರಕಟಣೆ ಹೊರಟಿತು. ನಾನು ಬರೆದೆ. ದರ್ಜಿ ಕನ್ನಡಿಯ ಪಕ್ಕ ಅಂಟಿಸಿದ.

ಪಟ್ಟಿಯ ನಲವತ್ತು ಜನರ ಮಾತ್ರೆ ತಗ್ಗಿಸುವ ಸೋಮವಾರಕ್ಕೆ ಇನ್ನು ಹತ್ತು ದಿನವಿತ್ತು. ಅಂದು ಶುಕ್ರವಾರ. ಡಾಕ್ಟ್ರಮ್ಮ ಬೆಳಿಗ್ಗೆ ಎಲ್ಲ ಹೂಡಿಟ್ಟು, ಹಲ್ಲುನೋವೆಂದು ಹೊರಟುಹೋಗಿದ್ದಳು. ಬಾಟಲಿಗೆ ಬೆಚ್ಚನೆಯ ಶಾಖ, ಅನಿಲದ ಗುಳ್ಳೆ ಎರಡೂ ನಡೆದೇ ಇದ್ದವು. ಸಂಜೆ ತೊಳೆಯಲು ತಂದಾಗ ಉಪ್ಪಕ್ಕನ ಕೈ ನಿಂತಿತು. ಒಳಗೆ ಔಷಧ ಬಿದ್ದಿರದ ಬರಿ ನೀರು. ಆದರೂ ಬಾಟಲಿಯ ಕತ್ತಿನಲ್ಲಿ, ಇಷ್ಟು ದಿನ ಔಷಧದ ಕಲೆಯೆಂದುಕೊಂಡಿದ್ದ ಅದೇ ಬಿಳಿಯ ಗೆರೆ, ಒಣಗಿದ ಉಪ್ಪು. ಅಳೆದು ನೋಡಿದರು. ಅರವತ್ತರಲ್ಲಿ ಉಳಿದದ್ದು ಐವತ್ತೆರಡು. ಉಪ್ಪಿನ ಸಾಂದ್ರತೆ ತೋರಿಸುವ ಯಂತ್ರಕ್ಕೆ ಒಂದು ಹನಿ ಹಾಕಿದರು. ಬೆಳಿಗ್ಗೆ ಮುನ್ನೂರು ಇದ್ದದ್ದು ಈಗ ಮುನ್ನೂರ ನಲವತ್ತನಾಲ್ಕು. ಆ ಯಂತ್ರದಲ್ಲಿ ಬೆಳಿಗ್ಗೆ ಮಾತ್ರ ಅಳೆಯುವುದು ಅಲ್ಲಿನ ನಿಯಮ. ಸಂಜೆ ಯಾರೂ ಅಳೆದದ್ದಿಲ್ಲ.

ನೀರು ಆವಿಯಾಗಿ ಹೋಗಿತ್ತು. ಉಪ್ಪು ಅಲ್ಲೇ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಲ್ಲೆಯ ಸುತ್ತ ಪೊಟ್ಯಾಸಿಯಂ ಏರುತ್ತಿತ್ತು. ಪೊಟ್ಯಾಸಿಯಂ ಏರಿದರೆ ಪಂಪು ತಾನೇ ಜೋರಾಗುತ್ತದೆ. ಹಾಗಾದರೆ ಎಂಟು ತಿಂಗಳು ಔಷಧಕ್ಕೆ ಸಿಕ್ಕ ಚಪ್ಪಾಳೆ ಯಾರದು?

ಯಾಕೆ ಆವಿಯಾಯಿತೆಂಬುದು ಅವರಿಗೆ ಆ ಕ್ಷಣವೇ ಹೊಳೆಯಿತು. ಸಿಲಿಂಡರಿನಿಂದ ಬರುವ ಅನಿಲ ಒಣಗಿರುತ್ತದೆ. ಅದನ್ನು ನೇರವಾಗಿ ಬಿಟ್ಟರೆ ನೀರನ್ನು ಹೀರಿಕೊಂಡು ಹೋಗುತ್ತದೆಂದು, ನಡುವೆ ಬರಿನೀರಿನ ಒಂದು ಬಾಟಲಿ ಇಟ್ಟು, ಅದರೊಳಗೆ ಹಾಯಿಸಿ ಒದ್ದೆ ಮಾಡಿ ಬಿಡುತ್ತಾರೆ. ಆ ನಡುವಿನ ಬಾಟಲಿ ಎಂಟು ತಿಂಗಳ ಹಿಂದೆ ಒಡೆದಿತ್ತು. ಒಡೆದದ್ದು ಉಪ್ಪಕ್ಕನ ಕೈಯಿಂದಲೇ. ಹೊಸದಕ್ಕೆ ಚೀಟಿ ಬರೆದು ಉಗ್ರಾಣಕ್ಕೆ ಕೊಟ್ಟರು. ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ನಾನು ಹೋಗಿ ನೋಡಿದೆ, ಸ್ವಾಮಿ, ಆ ಚೀಟಿ ಇವತ್ತಿಗೂ ಪರಿಶೀಲನೆಯಲ್ಲೇ ಇದೆ. ಒಂದು ಗಾಜಿನ ಬಾಟಲಿಯನ್ನು ಇಷ್ಟು ಆಳವಾಗಿ ಪರಿಶೀಲಿಸಿದ ಸಂಸ್ಥೆ ಜಗತ್ತಿನಲ್ಲಿ ಇನ್ನೊಂದಿರಲಾರದು. ಬರುವವರೆಗೆ ಎಂದು ಉಪ್ಪಕ್ಕ ಕೊಳವೆಯನ್ನು ನೇರವಾಗಿ ಜೋಡಿಸಿದರು. ಸೀನಿದ್ದನ್ನೂ ಬರೆದಿಟ್ಟ ಆ ಹೆಂಗಸು ಇದನ್ನು ಬರೆಯಲಿಲ್ಲ.

“ಬರೀ ನೀರಿನ ಬಾಟಲಿ ಅಲ್ವಾ, ಉಪ್ಪಿಲ್ಲ, ಮದ್ದಿಲ್ಲ, ಅದನ್ನೇನು ಬರೆಯೋದು ಅನ್ನಿಸ್ತು,” ಎಂದರು ನನಗೆ. “ಎಂಟು ತಿಂಗಳು ಆ ಬಿಳಿ ಗೆರೆ ನನಗೆ ದಿನಾ ಕಾಣಿಸ್ತಿತ್ತು. ದಿನಾ ಉಜ್ಜಿ ಉಜ್ಜಿ ತೊಳೆದೆ. ಸಾಕ್ಷಿ ಹೇಳೋಕೆ ಬಂದಿದ್ದನ್ನ ಬ್ರಶ್ ಹಾಕಿ ಓಡಿಸಿದೆ.”

ಶನಿವಾರ, ಭಾನುವಾರ ಯಾರಿಗೂ ಹೇಳಲಿಲ್ಲ. ಈ ಎರಡು ದಿನವನ್ನು ನಾನು ಬಿಟ್ಟುಬಿಡಬಹುದಿತ್ತು. ಅವರೇ ಬೇಡ ಎಂದರು. “ಎರಡು ದಿನ ಬಾಯಿ ಮುಚ್ಕೊಂಡಿದ್ದೆ ಅಂತಲೂ ಬರೀರಿ.” ಅವರದು ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಕೆಲಸ. ಇಪ್ಪತ್ತಾರು ವರ್ಷವಾದರೂ ಹಾಗೆಯೇ. ಆ ತಿಂಗಳೇ ಕಾಗದ ಮೇಜಿಗೆ ಬರುವುದಿತ್ತು. ಆದರೆ ಬಾಯಿ ಕಟ್ಟಿದ್ದು ಅದಲ್ಲ. ಭಾನುವಾರ ಕೆಳಗಿಳಿದು ಬಂದರೆ ತಮ್ಮ ತನಗಾಗಿ ಒಂದು ಹೊಸ ಅಂಗಿ ಹೊಲಿಯುತ್ತಾ ಕೂತಿದ್ದ. ಆಕಾಶನೀಲಿ ಬಟ್ಟೆ. ಎಡಗಡೆಯ ತೋಳು ಬಲಕ್ಕಿಂತ ಅಗಲ.

“ಇದೇನೋ ಒಂದು ತೋಳು ಚೀಲದ ಥರ?”

“ಮುಂದಿನ ಸೋಮವಾರದಿಂದ ದಿನಾ ರಕ್ತ ತೆಗೀತಾರಂತೆ ಅಕ್ಕ. ಸರಕ್ ಅಂತ ಮೇಲೆ ಏರಿಸೋಕೆ ಬರ್ಲಿ ಅಂತ. ಡಾಕ್ಟ್ರು ನೋಡಿ ‘ಯಾರಪ್ಪಾ ಹೊಲಿದಿದ್ದು’ ಅಂತ ಕೇಳ್ಬೇಕು. ಅಲ್ಲೇ ನಾಲ್ಕು ಗಿರಾಕಿ ಹಿಡಿದುಬಿಡ್ತೀನಿ.” ಹಲ್ಲಲ್ಲಿ ದಾರ ಕಡಿದು, “ಇದು ಕೆಲಸ ಮಾಡಿದ್ರೆ ಮಶೀನಿಗೆ ಮೋಟಾರು ಹಾಕಿಸ್ತೀನಿ ಕಣೇ,” ಎಂದ.

ಉಪ್ಪಕ್ಕ ಮೇಲೆ ಹೋದರು.

ಸೋಮವಾರ ಬೆಳಿಗ್ಗೆ ಮೊದಲು ಡಾಕ್ಟ್ರಮ್ಮನಿಗೆ ಹೇಳಿದರು. ಬಾಟಲಿ, ಸಾಂದ್ರತೆಯ ಅಂಕಿ ಬರೆದ ಚೀಟಿ, ಒಡೆದ ಗಾಜಿನ ವಿಷಯ ಮೂರನ್ನೂ ಮುಂದಿಟ್ಟರು.

“ಅಕ್ಕಾ, ತಮಾಷೆ ಮಾಡ್ತಿದೀರಾ?”

“ನಿನ್ನ ಹತ್ರ ದಿನಾ ಮಾಡ್ತೀನಿ. ಇವತ್ತಿಲ್ಲ.”

“ನನ್ನ ಥೀಸಿಸ್ ಪೂರ್ತಿ ಇದರ ಮೇಲೆ ನಿಂತಿದೆ.”

“ಗೊತ್ತು. ಒಡೆದಿದ್ದು ನಾನು, ಬರೆಯದೇ ಇದ್ದಿದ್ದು ನಾನು. ಬೈಬೇಕು ಅನ್ಸಿದ್ರೆ ಬೈದುಬಿಡು, ಆಮೇಲೆ ಇಬ್ಬರೂ ಹೋಗಿ ಸಾರ್‌ಗೆ ಹೇಳೋಣ.”

ಹುಡುಗಿ ಬೈಯಲಿಲ್ಲ. ತೊಟ್ಟಿಯ ಅಂಚಿಗೆ ಒರಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು, “ನಾನು ಬೆಳಿಗ್ಗೆ ಬರಿ ನೀರು, ಮಧ್ಯಾಹ್ನ ಔಷಧ ಅಂತಲೇ ಇಟ್ಕೊಂಡಿದ್ದೆ. ಒಂದೇ ಒಂದು ದಿನ ಮಧ್ಯಾಹ್ನವೂ ಬರಿ ನೀರಲ್ಲಿ ಅಳೆದಿದ್ರೆ ಸಾಕಿತ್ತು. ಅದು ನನ್ನ ತಪ್ಪು, ನಿಮ್ಮದಲ್ಲ,” ಎಂದಳು. ದೊಡ್ಡವರೆಲ್ಲ ತಪ್ಪನ್ನು ಕೆಳಕ್ಕೆ ಜಾರಿಸುವುದನ್ನೇ ವೃತ್ತಿ ಮಾಡಿಕೊಂಡಿರುವ ಕಾಲದಲ್ಲಿ ಇಬ್ಬರು ಹೆಂಗಸರು ಒಂದು ತಪ್ಪಿಗಾಗಿ ನನ್ನದು ನನ್ನದು ಎಂದು ಎಳೆದಾಡಿದರು ಎಂಬುದನ್ನು ಬರೆಯುವಾಗ ನನ್ನ ಕೋಪವೂ ಒಂದು ಗಳಿಗೆ ಕೂತುಕೊಳ್ಳುತ್ತದೆ.

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರ ಕೋಣೆಯಲ್ಲಿ ನಡೆದದ್ದನ್ನು ಡಾಕ್ಟ್ರಮ್ಮ ನನಗೆ ಅಭಿನಯಿಸಿಯೇ ತೋರಿಸಿದಳು.

“ಎಂಟು ತಿಂಗಳ ಕೆಲಸ ಇದು,” ಎಂದರಂತೆ ಪ್ರೊಫೆಸರರು. “ನೀವು ಹೇಳ್ತಿರೋದು ಒಂದು ನೀರಿನ ಬಾಟಲಿ ವಿಷಯ.”

“ಹೌದು ಸಾರ್, ಒಂದು ನೀರಿನ ಬಾಟಲಿ. ಅದು ಇಲ್ಲದೇ ಇದ್ದಿದ್ದೇ ತೊಂದರೆ.”

“ನಿಮ್ಮ ನವೀಕರಣದ ಕಾಗದ ಈ ವಾರ ನನ್ನ ಮೇಜಿಗೆ ಬರುತ್ತೆ. ಗೊತ್ತಿದೆಯಲ್ಲ?”

“ಗೊತ್ತು ಸಾರ್. ಅದಕ್ಕೇ ಇವತ್ತೇ ಬಂದೆ. ನೀವು ಸೈನ್ ಹಾಕಿದ್ಮೇಲೆ ಹೇಳಿದ್ರೆ ಮೋಸ ಆಗುತ್ತೆ.”

ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ಕೆಟ್ಟವರಲ್ಲ ಅವರು, ಕೇಕು ತಿಂದಾಗಿದ್ದವರು ಅಷ್ಟೇ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟು ಮಿಲಿ ಹೋಗಿದೆ?”

“ಎಂಟು ಸಾರ್.”

“ಶನಿವಾರದೊಳಗೆ ನನಗೆ ಉತ್ತರ ಬೇಕು,” ಎಂದರು.

ಉಗ್ರಾಣದ ಉತ್ತರಕ್ಕೆ ಕಾಯುವ ಹೊತ್ತು ಅದಲ್ಲ. ಉಪ್ಪಕ್ಕ ಮನೆಯಿಂದ ಜಾಮಿನ ಖಾಲಿ ಬಾಟಲಿ ತಂದು, ಮುಚ್ಚಳಕ್ಕೆ ಎರಡು ತೂತು ಹೊಡೆದು, ಎರಡು ಕೊಳವೆ ತೂರಿಸಿ, ಮೇಣ ಮೆತ್ತಿದರು. ಕಾಲು ಗಂಟೆಯ ಕೆಲಸ. “ಅವತ್ತೇ ಮಾಡಬಹುದಿತ್ತು,” ಎಂದು ತಮಗೆ ತಾವೇ ಹೇಳಿಕೊಂಡರಂತೆ. ಆರು ದಿನ ಪ್ರಯೋಗ ನಡೆಯಿತು. ಒಣ ಅನಿಲ, ಔಷಧವಿಲ್ಲ: ಮಧ್ಯಾಹ್ನ ಪಂಪು ಜೋರಾಯಿತು. ಒದ್ದೆ ಅನಿಲ, ಔಷಧ ಇದೆ: ಪಂಪು ಬೆಳಿಗ್ಗೆ ಇದ್ದಂತೆಯೇ. ಗಂಟೆಗೊಮ್ಮೆ ಸಾಂದ್ರತೆ ಅಳೆದು ಉಪ್ಪಕ್ಕ ಇಪ್ಪತ್ತನೆಯ ಪುಸ್ತಕದಲ್ಲಿ ಬರೆದರು. ಆ ಪುಸ್ತಕದ ಮೊದಲ ಪುಟದ ಮೊದಲ ಸಾಲು, ಎಂಟು ತಿಂಗಳ ಹಿಂದಿನ ತಾರೀಖು ಹಾಕಿ: ‘ನಡುವಿನ ನೀರಿನ ಬಾಟಲಿ ನನ್ನ ಕೈಯಿಂದ ಒಡೆಯಿತು. ಕೊಳವೆ ನೇರ ಜೋಡಿಸಿದೆ. ಅವತ್ತು ಬರೆಯಲಿಲ್ಲ, ಇವತ್ತು ಬರೆಯುತ್ತಿದ್ದೇನೆ.’ ಕೆಳಗೆ ಬರೆದ ದಿನದ ತಾರೀಖು, ಸಹಿ.

ಶನಿವಾರ ಮಧ್ಯಾಹ್ನ ಪ್ರೊಫೆಸರರು ಆಸ್ಪತ್ರೆಗೆ ಫೋನು ಮಾಡಿ ಪರೀಕ್ಷೆ ನಿಲ್ಲಿಸಿದರು. ನಲವತ್ತು ಜನರ ಮಾತ್ರೆ ತಗ್ಗಲಿಲ್ಲ.

ಉಪ್ಪಕ್ಕ ಅಂಗಡಿಗೆ ಬಂದಾಗ ತಮ್ಮ ಆಕಾಶನೀಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಹೇಳಿದರು. ಒಂದೂ ಬಿಡದೆ, ಬಾಟಲಿಯಿಂದ ಹಿಡಿದು, ಭಾನುವಾರ ಸುಮ್ಮನಿದ್ದದ್ದನ್ನೂ ಸೇರಿಸಿ. ಅವನು ಗುಂಡಿ ಹೊಲಿಯುವುದನ್ನು ನಿಲ್ಲಿಸಲಿಲ್ಲ.

“ಅಂದ್ರೆ ಆ ಮದ್ದು ಏನೂ ಮಾಡಲ್ವಾ?”

“ಪಂಪಿಗೆ ಏನೂ ಮಾಡಲ್ಲ ಕಣೋ.”

“ನೀನು ಸುಮ್ನಿದ್ದಿದ್ರೆ?”

“ಸೋಮವಾರ ನಿನ್ನ ಮಾತ್ರೆ ತಗ್ಗಿಸ್ತಿದ್ರು. ಆಮೇಲೆ ಹಿಡ್ಕೊಳ್ಳೋಕೆ ಏನೂ ಇರ್ತಿರಲಿಲ್ಲ. ಎಲ್ಲಿ ಬೀಳ್ತಿದ್ಯೋ.”

“ಒಂದಿನ ಮೊದಲೇ ಹೇಳ್ಬಾರ್ದಿತ್ತಾ? ಇಷ್ಟು ದಿನ ಊರಿಗೆಲ್ಲ ಡಂಗುರ ಹೊಡೆದೆನಲ್ಲೇ, ಮೂರನೇ ಮನೆ ಡ್ರೈವರ್ ಜೊತೆ ಬೆಟ್ ಬೇರೆ ಕಟ್ಟಿದೀನಿ.” ಸೂಜಿ ಕೆಳಗಿಟ್ಟ.

ಆಮೇಲೆ ಅವನೇ ಕೇಳಿದ. “ಮದ್ದು ಮಾಡ್ಲಿಲ್ಲ ಅಂದ್ರೆ ಪಂಪನ್ನ ಜೋರು ಮಾಡಿದ್ದು ಯಾರು?”

“ಯಾರೂ ಇಲ್ಲ. ಸುತ್ತ ಪೊಟ್ಯಾಸಿಯಂ ಏರಿತಲ್ಲ. 'ಓಹೋ, ಇಲ್ಲೇನೋ ಹೆಚ್ಚು ಕಮ್ಮಿ ಆಗ್ತಿದೆ' ಅಂತ ಕೋಶ ತಾನೇ ಜೋರು ಮಾಡ್ಕೊಂಡಿದೆ.”

“ತಲೆಯಿಂದ ಕತ್ತರಿಸಿ ತೆಗೆದ ಮೇಲೂ?”

“ಕತ್ತರಿಸಿ ತೆಗೆದ ಮೇಲೂ. ಎಂಟು ತಿಂಗಳು, ದಿನಾ ಮಧ್ಯಾಹ್ನ.”

“ನನ್ನದೂ ಹಾಗೇ ಮಾಡುತ್ತಾ?”

“ನೀನು ಬಿದ್ದ ಪ್ರತಿ ಸಲವೂ ಜೋರಾಗಿ ಓಡಿರುತ್ತೆ. ನಿನ್ನನ್ನ ಮೂವತ್ತು ವರ್ಷದಿಂದ ಎಬ್ಬಿಸಿ ಕೂರಿಸೋಕೆ ಅದೂ ಕೈ ಹಾಕಿದೆ ಕಣೋ, ನಾನೊಬ್ಬಳೇ ಅಲ್ಲ.”

ಅವನು ಎದ್ದು, ಬ್ಲೇಡಿನಿಂದ ಕನ್ನಡಿಯ ಪಕ್ಕದ ನನ್ನ ಲೇಖನವನ್ನು ಹರಿಯದಂತೆ ಕಿತ್ತು ಅಕ್ಕನ ಕೈಗೆ ಕೊಟ್ಟ. “ಇದನ್ನ ಬರೆದೋರಿಗೆ ಕೊಟ್ಟು ಬಾ. ಉಳಿದ ಮೂವತ್ತೊಂಬತ್ತು ಮನೇಲೂ ಅಂಟಿಸ್ಕೊಂಡಿರ್ತಾರೆ.” ಬಾಗಿಲವರೆಗೆ ಬಂದವನು, “ಅಂಗಿ ಏನು ಮಾಡ್ಲಿ?” ಎಂದ.

“ಹಾಕ್ಕೋ.”

ಸೋಮವಾರ ಅದನ್ನೇ ಹಾಕಿಕೊಂಡು ಅಂಗಡಿ ತೆರೆದ. ನಾನು ಹೋದಾಗಲೂ ಅದೇ ಅಂಗಿ. ಎಡದೋಳಿನ ಅಗಲ ನೋಡಿ ಕೇಳಿದರೆ, “ಹೊಸ ಫ್ಯಾಶನ್ ಸಾರ್, ನಿಮಗೂ ಹೊಲೀಲಾ?” ಎಂದ.

ಇನ್ನು ಸಂಸ್ಥೆ ಏನು ಮಾಡಿತೆಂದು ಕೇಳಿ. ಹಳೆಯ ಪ್ರಬಂಧವನ್ನು ಹಿಂದಕ್ಕೆ ಪಡೆಯಿತು, ಅದು ಸರಿ. ಕಾರಣದ ಜಾಗದಲ್ಲಿ ‘ತಾಂತ್ರಿಕ ದೋಷ’ ಎಂಬ ಎರಡು ಪದ. ಉಪ್ಪಕ್ಕನಿಗೆ ದಾಖಲೆಯಲ್ಲಿ ಲೋಪವೆಸಗಿದ್ದಕ್ಕೆ ಒಂದು ಎಚ್ಚರಿಕೆ ಪತ್ರ. ಗುತ್ತಿಗೆ ಎಂದಿನ ಒಂದು ವರ್ಷದ ಬದಲು ಆರು ತಿಂಗಳಿಗೆ. ಬಾಟಲಿಯನ್ನು ಎಂಟು ತಿಂಗಳು ಕೊಡದ ಉಗ್ರಾಣಕ್ಕೆ ಯಾವ ಪತ್ರವೂ ಇಲ್ಲ. ಪೊಟ್ಯಾಸಿಯಂ ಕೊಂಚ ಏರಿದರೂ ಪಂಪು ಹೇಗೆ ಹೊಂದಿಕೊಳ್ಳುತ್ತದೆಂದು ಡಾಕ್ಟ್ರಮ್ಮ ಈಗ ಹೊಸದಾಗಿ ಅಳೆಯುತ್ತಿದ್ದಾಳೆ. ಆ ಪ್ರಬಂಧದಲ್ಲಿ ಉಪ್ಪಕ್ಕನ ಹೆಸರು ಹಾಕಬೇಕೆಂದು ಆಕೆ ಅರ್ಜಿ ಕೊಟ್ಟಳು. ಬಾಟಲಿ ತೊಳೆಯುವ ಹುದ್ದೆಯವರ ಹೆಸರು ಹಾಕುವ ಪದ್ಧತಿ ಇಲ್ಲ ಎಂದು ಸಮಿತಿ ಉತ್ತರಿಸಿತು. ಎರಡನೇ ಅರ್ಜಿ ಕೊಟ್ಟಿದ್ದಾಳೆ. ಪ್ರೊಫೆಸರರೂ ಸಹಿ ಹಾಕಿದ್ದಾರೆ. ಅದು ಪರಿಶೀಲನೆಯಲ್ಲಿದೆ.

“ಕೋಪ ಬರಲ್ವಾ ನಿಮಗೆ?” ಎಂದು ಕೇಳಿದೆ. ಉಪ್ಪಕ್ಕ ತಕ್ಕಡಿಯ ಮುಂದೆ ಕೂತಿದ್ದರು.

“ಸ್ವಲ್ಪ ಆಚೆ ನಿಂತು ಮಾತಾಡಿ, ಅಂಕಿ ಅಲ್ಲಾಡ್ತಿದೆ,” ಎಂದರು. ತೂಗಿ, ಬರೆದು, ಪೆನ್ನಿನ ಕ್ಯಾಪು ಹಾಕಿದ ಮೇಲೆ, “ಬರುತ್ತೆ. ಆದ್ರೆ ಪತ್ರ ಕೊಟ್ಟಿದ್ದು ಸರೀನೇ. ಬರೀಬೇಕಿತ್ತು, ಬರೀಲಿಲ್ಲ. ನೀವು ನಿಮ್ಮದು ಬರೀರಿ ಮೊದಲು.”

ಬರೆಯುತ್ತಿದ್ದೇನೆ. ‘ಫಿಟ್ಸಿಗೆ ಸಿಕ್ಕಿತು ಕಡಿವಾಣ’ ಎಂಬ ನನ್ನ ಲೇಖನ ಸುಳ್ಳು. ಆ ಔಷಧಕ್ಕೆ ಅಂಥ ಗುಣವಿರುವುದಕ್ಕೆ ಆಧಾರವಿಲ್ಲ. ಓದಿ ನಂಬಿದವರು ದಯವಿಟ್ಟು ನಿಮ್ಮ ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ಒಂದು ಚೂರೂ ತಗ್ಗಿಸಬೇಡಿ. ತಪ್ಪು ನನ್ನದು.

ಈಗ ನಿಮ್ಮ ಸರದಿ. ನೀವು ಆಸ್ಪತ್ರೆಯಲ್ಲಿದ್ದೀರೋ, ಕಾರ್ಖಾನೆಯಲ್ಲೋ, ಶಾಲೆಯಲ್ಲೋ, ಸೇತುವೆ ಕಟ್ಟುತ್ತಿದ್ದೀರೋ, ನನಗೆ ಗೊತ್ತಿಲ್ಲ. ಆದರೆ ನಿಮ್ಮ ಕೈಯಿಂದಲೂ ಏನೋ ಒಂದು ಒಡೆದಿದೆ, ಇಷ್ಟೇ ತಾನೆ ಎಂದು ಕೊಳವೆಯನ್ನು ನೇರ ಜೋಡಿಸಿದ್ದೀರಿ, ದಿನವೂ ಕಾಣುವ ಬಿಳಿ ಗೆರೆಯನ್ನು ಉಜ್ಜಿ ತೊಳೆಯುತ್ತಿದ್ದೀರಿ. ಅದರ ಇನ್ನೊಂದು ತುದಿಯಲ್ಲಿ ಯಾರೋ ಹೊಸ ಅಂಗಿ ಹೊಲಿಯುತ್ತಾ ಕೂತಿರಬಹುದು. ನಾಳೆಗೆ ಇಡಬೇಡಿ. ಈ ಪತ್ರಿಕೆ ಮಡಿಚಿಟ್ಟು ಎದ್ದು ಹೋಗಿ, ಪುಸ್ತಕ ತೆಗೆದು, ಆ ಸಾಲನ್ನು ಬರೆಯಿರಿ. ಕೆಳಗೆ ಸಹಿ ಹಾಕಿ.